ಗೋಡೆಯಾಚೆಯ ಬೆಂಡೆ

"ಇದು ವೈರಸ್ ಮುಮ್ತಾಝ್. ಒಂದನ್ನೂ ಉಳಿಸಬೇಡಿ, ಬುಡಸಮೇತ ಕಿತ್ತು ಸುಟ್ಟುಬಿಡಿ." ನಿನ್ನೆ ಸಂಜೆ ನೆರೆಮನೆಯ ಬೆಂಡೆ ಸಾಲಿನ ನಡುವೆ ನಿಂತು ಬರ್ನಡೆಟ್ ಹೇಳಿದ್ದು ಇಷ್ಟೇ. ಹೇಳುವಾಗ ನಾಲಿಗೆ ತೊದಲಲಿಲ್ಲ, ಮುಖದ ಬಣ್ಣ ಬದಲಾಗಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ ಗಂಟಲು, ನಿವೃತ್ತಿಯಾಗಿ ಆರು ವರ್ಷವಾದರೂ, ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ಉತ್ತರ ಕೊಟ್ಟೇ ತೀರುತ್ತದೆ. ಈಗ ಬೆಳಿಗ್ಗೆ ಎಂಟಕ್ಕೆ, ಕದ್ರಿಯ ಮನೆಯ ಅಡುಗೆಕೋಣೆಯ ಕಿಟಕಿ ಪಕ್ಕ ಕಾಫಿ ಲೋಟ ಹಿಡಿದು ನಿಂತವಳು ಆ ಉತ್ತರವನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಆ ಇಪ್ಪತ್ತೆರಡು ಗಿಡಗಳ ಎಲೆ ಬಟ್ಟಲಿನ ಹಾಗೆ ಮುದುಡಿದ್ದು, ತುದಿ ಬಾಗಿದ್ದು, ಕಾಂಡ ತಿರುಚಿಕೊಂಡದ್ದು ಎಲ್ಲ ಅವಳೇ ತನ್ನ ಅಂಗಳಕ್ಕೆ ಹೊಡೆದ ಕಳೆಮದ್ದಿನಿಂದ. ನಿನ್ನೆ ಕನ್ನಡಕ ಏರಿಸಿ, ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ನಾಟಕ ಆಡುವಾಗಲೇ ಅದು ಗೊತ್ತಿತ್ತು. ಗೊತ್ತಿದ್ದೇ ಬಾಯಿಗೆ ಬಂದದ್ದು ವೈರಸ್. ಪಾಪದ ವೈರಸ್, ಅದಕ್ಕೆ ಬಾಯಿ ಇಲ್ಲವಲ್ಲ, ಅಲ್ಲಗಳೆಯಲಿಕ್ಕೆ.

ಎಲ್ಲಕ್ಕೂ ಮೂಲ ಆ ಡ್ಯಾಫ್ನಿ. ಚರ್ಚಿನ ವಾರ್ಡಿನ ಮುಖ್ಯಸ್ಥೆಯಾದದ್ದು ಈ ವರ್ಷವಷ್ಟೆ, ಆದರೆ ಗತ್ತು ನೋಡಿದರೆ ಬಿಷಪರ ಅಕ್ಕ ಅಂದುಕೊಳ್ಳಬೇಕು. "ಟೀಚರ್, ಮೊಂತಿ ಹಬ್ಬದ ಒಂಬತ್ತು ದಿನದ ನೊವೇನ ಪ್ರಾರ್ಥನೆಗೆ ಮಕ್ಕಳು ಹೂ ಹಿಡಿದು ನಿಲ್ಲುದು ನಿಮ್ಮ ಅಂಗಳದಲ್ಲೇ ಅಲ್ವಾ? ಕಳೆದ ವರ್ಷ ಎರಡು ಮಕ್ಕಳ ಕಾಲಿಗೆ ನಾಚಿಕೆ ಮುಳ್ಳು ಚುಚ್ಚಿದೆ," ಅಂತ ಪೂಜೆ ಮುಗಿಸಿ ಹೊರಬರುವ ಮೆಟ್ಟಿಲ ಮೇಲೆ, ಹತ್ತು ಜನರ ಎದುರು ಹೇಳಿದ್ದಳು. ಹೇಳಿ ನಕ್ಕದ್ದು ಬೇರೆ. ಆ ನಗು ಬರ್ನಡೆಟ್‌ಗೆ ಮುಳ್ಳಿಗಿಂತ ಹೆಚ್ಚು ಚುಚ್ಚಿತು. ಮರುದಿನವೇ ಕಂಕನಾಡಿಯ ಬೀಜ-ಗೊಬ್ಬರದ ಅಂಗಡಿಯಿಂದ ಬಾಟಲಿ ತಂದಾಯಿತು. ಹುಲ್ಲಿಗೆ ಏನೂ ಮಾಡದೆ ಅಗಲ ಎಲೆಯ ಗಿಡಗಳನ್ನು ಮಾತ್ರ ಕೊಲ್ಲುವ ಮದ್ದು. ಏಕದಳ ಉಳಿಯುತ್ತದೆ, ದ್ವಿದಳ ಸಾಯುತ್ತದೆ. ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಚಿತ್ರ ಬರೆದಿದ್ದಾಳೋ. ಬೆಳಿಗ್ಗೆ ಗಾಳಿ ಇಲ್ಲದಾಗ ಹೊಡೆಯಬೇಕು ಅಂತ ಬಾಟಲಿಯ ಚೀಟಿಯಲ್ಲಿ ಬರೆದಿತ್ತು. ಓದಿದ್ದಳು. ಆದರೆ ಬೆಳಿಗ್ಗೆ ವಿಲ್ಲಿ ಅಂಗಳದಲ್ಲೇ ಕುರ್ಚಿ ಹಾಕಿ ಪೇಪರ್ ಓದುತ್ತಾನೆ. ಕುವೈತ್‌ನಲ್ಲಿ ಇಪ್ಪತ್ತು ವರ್ಷ ಮರಳು ನೋಡಿ ಬಂದ ಅವಳ ಗಂಡನಿಗೆ ಹಸಿರಾದದ್ದೆಲ್ಲ ದೇವರು. "ಎರಡು ಮುಳ್ಳಿಗೆ ವಿಷ ಯಾಕೆ ಬರ್ನಾ, ಕೈಯಲ್ಲಿ ಕಿತ್ತರೆ ಮುಗಿಯಿತು," ಅನ್ನುತ್ತಾನೆ. ಕೀಳುವುದು ಮಾತ್ರ ಅವನಲ್ಲ. ಹಾಗಾಗಿ ಅವನು ಮಲಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ಕಳ್ಳಿಯ ಹಾಗೆ ಕ್ಯಾನ್ ಹಿಡಿದು ಹೊರಟಿದ್ದಳು. ಆಗಸ್ಟಿನ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು, ಕಡಲ ಕಡೆಯಿಂದ ಗಾಳಿ ಏಳುವ ಹೊತ್ತು. ಗಾಳಿ ಕಿವಿಗೆ ತಾಗಿದ್ದು, ಬೆವರಿದ ಕುತ್ತಿಗೆಗೆ ತಂಪಾದದ್ದು, ಆಹಾ ಎಂಥ ಚಂದದ ಗಾಳಿ ಅಂತ ಒಂದು ನಿಮಿಷ ಕಣ್ಣು ಮುಚ್ಚಿ ನಿಂತದ್ದು ಎಲ್ಲ ನೆನಪಿದೆ. ಪಡುವಣ ಗಾಳಿ ಮೂಡಣಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? ಮೂಡಣದಲ್ಲಿ ಗೋಡೆ, ಗೋಡೆಯಾಚೆ ಮುಮ್ತಾಝ್‌ಳ ಬೆಂಡೆ. ಇದನ್ನು ಲೆಕ್ಕ ಹಾಕಲು ಜೀವಶಾಸ್ತ್ರವೂ ಬೇಡ, ಮೂರನೇ ಕ್ಲಾಸಿನ ದಿಕ್ಕುಗಳ ಪಾಠ ಸಾಕಿತ್ತು.

ಅದು ಬರೀ ಬೆಂಡೆಯಾಗಿದ್ದರೂ ಬೇರೆ ಮಾತು. ಮುಮ್ತಾಝ್‌ಳ ತಾಯಿ, ಅವಳ ಉಮ್ಮ, ತೊಕ್ಕೊಟ್ಟಿನ ಮನೆಯ ಹಿಂದೆ ಬೆಳೆಯುತ್ತಿದ್ದ ಬಿಳಿ ಬೆಂಡೆ ಅದು, ಒಂದು ಗೇಣು ಉದ್ದ, ಎಂಟು ಏಣು, ಬಲಿತರೂ ಬೆಣ್ಣೆ. ಉಮ್ಮ ತೀರಿಕೊಂಡು, ಆ ಹಿತ್ತಲಿನ ಮೇಲೆ ಐದು ಮಾಳಿಗೆ ಎದ್ದು, ಈಗ ಆ ಬೀಜ ಉಳಿದಿರುವುದು ಈ ಇಪ್ಪತ್ತೆರಡು ಗಿಡಗಳಲ್ಲಿ ಮಾತ್ರ. ಡಬ್ಬಿಯಲ್ಲಿದ್ದ ಹಳೇ ಬೀಜವನ್ನು ಈ ಸಲ ಪೂರ್ತಿ ಬಿತ್ತಿದ್ದಾಯಿತು, ಇನ್ನು ಹೊಸದು ಕಟ್ಟಿಡಬೇಕು ಅಂತ ಮುಮ್ತಾಝ್ ಜೂನಿನಲ್ಲೇ ಹೇಳಿದ್ದಳು. ಪ್ರತಿ ವರ್ಷ ಸೆಪ್ಟೆಂಬರ್ ಎಂಟರಂದು, ಮೇರಿ ಮಾತೆ ಹುಟ್ಟಿದ ದಿನದ ಮೊಂತಿ ಹಬ್ಬದ ಸಸ್ಯಾಹಾರದ ಊಟಕ್ಕೆ ಬರ್ನಡೆಟ್‌ಳ ಬಾಳೆಲೆಯ ಮೇಲೆ ಏಳು ಬಗೆ ತರಕಾರಿ. ಜೋಡಿ ಸಂಖ್ಯೆ ಆಗಬಾರದು, ಬೆಸವೇ ಆಗಬೇಕು. ಏಳನೆಯದು ಯಾವಾಗಲೂ ಗೋಡೆಯ ಮೇಲಿಂದ ಬರುವ ಈ ಬೆಂಡೆ. ಎರಡು ವರ್ಷದ ಹಿಂದೆ ಮುಮ್ತಾಝ್ ಒಂದು ಹಿಡಿ ಬೀಜವನ್ನೇ ಕಾಗದದಲ್ಲಿ ಕಟ್ಟಿ ಕೊಟ್ಟು, "ನಿಮ್ಮಲ್ಲೂ ಸ್ವಲ್ಪ ಬೆಳೀಲಿ ಟೀಚರ್, ಒಂದು ಕಡೆ ಹೋದ್ರೆ ಇನ್ನೊಂದು ಕಡೆ ಉಳೀತದೆ," ಅಂದಿದ್ದಳು. ಬರ್ನಡೆಟ್ ಆ ಪೊಟ್ಟಣವನ್ನು... ಅಲ್ಲಿಗೆ ಬಂದಾಗ ಅವಳ ಯೋಚನೆ ಪಕ್ಕನೆ ಬೇರೆ ದಾರಿ ಹಿಡಿಯಿತು. ಮನೆಯ ದೇವರ ಪೀಠ ಅಲ್ತಾರಿನ ಕೆಳಗಿನ ಡ್ರಾವರಿನಿಂದ ಕನ್ನಡಕ ತೆಗೆಯುವಾಗಲೂ ಅವಳು ಒಳಗಿನ ಎಡಮೂಲೆಯನ್ನು ನೋಡುವುದಿಲ್ಲ. ಬೇಡ, ಒಂದು ದಿನಕ್ಕೆ ಒಂದು ಪಾಪ ಸಾಕು.

"ನಾಳೆ ಮಧ್ಯಾಹ್ನ ನಮಾಝ್ ಮುಗಿಸಿ ಕೀಳ್ತೇನೆ ಟೀಚರ್. ನಜ್ಲಾ ಶಾಲೆಯಿಂದ ಬಂದ್ರೆ ಕೀಳಲಿಕ್ಕೆ ಬಿಡುದಿಲ್ಲ, ಅಜ್ಜಿಯ ಬೆಂಡೆ ಅಂತ ಕೂಗ್ತಾಳೆ," ಅಂತ ಮೊಮ್ಮಗಳ ಹೆಸರು ಹೇಳಿ ನಿನ್ನೆ ಮುಮ್ತಾಝ್ ತಲೆವಸ್ತ್ರದ ಅಂಚಿನಿಂದ ಕಣ್ಣು ಒರೆಸಿಕೊಂಡಿದ್ದಳು. ಒಂದು ಮಾತೂ ಎದುರು ಕೇಳಲಿಲ್ಲ. ಟೀಚರ್ ಹೇಳಿದ ಮೇಲೆ ಮುಗಿಯಿತು. ಒಂದೂವರೆವರೆಗೆ ಹೊತ್ತಿದೆ ಅಂದುಕೊಂಡಳು ಬರ್ನಡೆಟ್. ಈಗಲೇ ಗೋಡೆಯ ಹತ್ತಿರ ಹೋಗಿ ಹೇಳಬಹುದಿತ್ತು, ಹತ್ತು ಹೆಜ್ಜೆ. ಆದರೆ ಹತ್ತು ಹೆಜ್ಜೆ ಇಡುವ ಬದಲು ಸೀರೆ ಉಟ್ಟು, ಕೊಡೆ ಹಿಡಿದು, "ಕಂಕನಾಡಿಗೆ ಹೋಗಿ ಬರ್ತೇನೆ," ಅಂತ ವಿಲ್ಲಿಗೆ ಹೇಳಿ ಆಟೋ ಹತ್ತಿದಳು. ಗಿಡ ಬದುಕುತ್ತದೋ ಇಲ್ಲವೋ ಅಂತ ಸರಿಯಾಗಿ ತಿಳಿದುಕೊಂಡು ಹೇಳುವುದು ಒಳ್ಳೆಯದಲ್ಲವಾ? ಸತ್ತೇ ಹೋಗುವುದಾದರೆ ಹೇಳಿ ಪ್ರಯೋಜನ ಏನು? ಮನಸ್ಸು ಬೇಕಾದಾಗ ಎಂಥ ವಕೀಲನನ್ನಾದರೂ ಹುಡುಕಿ ತರುತ್ತದೆ.

ಅಂಗಡಿಯ ಸಿದ್ದೀಕ್ ಅವಳ ಹಳೇ ವಿದ್ಯಾರ್ಥಿ. ಈಗ ಗಡ್ಡ ಅರ್ಧ ಬೆಳ್ಳಗಾಗಿದೆ, ಆದರೂ ಅವಳನ್ನು ಕಂಡ ಕೂಡಲೇ ಎದ್ದು ನಿಲ್ಲುತ್ತಾನೆ. ಕೌಂಟರಿನಲ್ಲಿ ಇಬ್ಬರು ಗಿರಾಕಿಗಳು. "ಒಬ್ಬರ ಮನೆಯಲ್ಲಿ," ಅಂತ ಶುರುಮಾಡಿದಳು ಬರ್ನಡೆಟ್, "ಒಬ್ಬರು ಹೊಡೆದ ಮದ್ದು ಸ್ವಲ್ಪ ಪಕ್ಕದವರ ಬೆಂಡೆಗೆ ತಾಗಿದೆಯಂತೆ..."

"ನಾನು ಕೊಟ್ಟ ಬಾಟಲಿಯಾ ಟೀಚರ್?" ಸಿದ್ದೀಕ್‌ನ ದನಿ ಲೌಡ್‌ಸ್ಪೀಕರಿನದ್ದು, ಅಂದಿಗೂ ಹಾಗೆಯೇ. "ಅಯ್ಯೋ ಮಾರಾಯ್ರೆ! ಬೆಂಡೆಗೆ ಅದರ ಗಾಳಿ ಸೋಕಿದ್ರೂ ಆಗುದಿಲ್ಲ. ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಉಂಟಲ್ಲ, ಓದ್ಲಿಲ್ವಾ?"

ಗಿರಾಕಿಗಳಿಬ್ಬರೂ ತಿರುಗಿ ನೋಡಿದರು. ಒಬ್ಬರ ಮನೆಯಲ್ಲಿ ಒಬ್ಬರು ಎಂಬ ಆ ತೆಳು ಪರದೆ ಅಲ್ಲಿಗೇ ಹರಿಯಿತು. "ಓದಿದ್ದೆ," ಅಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಸಿದ್ದೀಕ್ ಮಾತ್ರ ಪಾಠಕ್ಕೆ ಇಳಿದೇಬಿಟ್ಟ. "ತರಕಾರಿ ಅಂದ್ರೆ ಎಲ್ಲ ಒಂದೇ ಅಲ್ಲ ಟೀಚರ್. ಒಂದೊಂದರದ್ದು ಒಂದೊಂದು ಗುಣ. ಜೋಳ ಈ ಮದ್ದನ್ನು ಕುಡಿದು ಒಳಗೇ ಜೀರ್ಣ ಮಾಡ್ಕೊಳ್ತದೆ. ನೀರುಳ್ಳಿಗೆ ಇನ್ನೊಂದು ಮದ್ದು ಆಗ್ತದೆ, ಬಿತ್ತಿದ ಕೂಡ್ಲೇ ಹೊಡೆದ್ರೂ ತಡ್ಕೊಳ್ತದೆ. ಅದನ್ನೇ ಹರಿವೆಗೆ ಹಾಕಿದ್ರೆ ಹರಿವೆ ಹುಟ್ಟುದೇ ಇಲ್ಲ. ಆ ಬಾಟಲಿಯಲ್ಲಿ ಹರಿವೆಯ ಹೆಸರು ಕಳೆಯ ಪಟ್ಟಿಯಲ್ಲೇ ಉಂಟು ನೋಡಿ! ನಾವು ಸಾಂಬಾರ್ ಮಾಡಿ ತಿನ್ನುದು, ಅವರಿಗೆ ಅದು ಕಳೆ. ಮದ್ದಿಗೆ ಎಂತ ಗೊತ್ತಾಗ್ತದೆ, ಯಾವುದು ಕಳೆ, ಯಾವುದು ಊಟ ಅಂತ?"

ಆ ಕೊನೆಯ ಮಾತನ್ನು ಬರ್ನಡೆಟ್ ಮೊದಲೂ ಒಮ್ಮೆ ಕೇಳಿದ್ದಳು. ಒಂಬತ್ತನೇ ಬಿ ಸೆಕ್ಷನ್, ಮಳೆಗೆ ಕಿಟಕಿ ಮುಚ್ಚಿದ ಕೋಣೆ, ಮೂರನೇ ಬೆಂಚಿನಲ್ಲಿ ಈ ಸಿದ್ದೀಕ್. ಅವಳು ಕಳೆನಾಶಕದ ಪಾಠ ಮಾಡುತ್ತಿದ್ದಾಗ ಎದ್ದು ನಿಂತು, "ಟೀಚರ್, ಯಾವುದು ಕಳೆ ಅಂತ ಮದ್ದಿಗೆ ಹೇಗೆ ಗೊತ್ತಾಗ್ತದೆ?" ಅಂತ ಕೇಳಿದ್ದ. ಕ್ಲಾಸ್ ಪೂರ್ತಿ ನಕ್ಕಿತು. ತನ್ನನ್ನು ನೋಡಿಯೇ ನಕ್ಕರು ಅನ್ನಿಸಿ ಅವಳು ಅವನನ್ನು ಬೆಲ್ ಆಗುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದ್ದಳು. ಎಂಥ ಒಳ್ಳೆಯ ಪ್ರಶ್ನೆ ಅದು! ಮೂವತ್ತೊಂದು ವರ್ಷದಲ್ಲಿ ಅಷ್ಟು ಒಳ್ಳೆಯದನ್ನು ಇನ್ನಾರೂ ಕೇಳಿರಲಿಲ್ಲ. ಅವನಿಗೆ ನೆನಪಿದೆಯೋ ಇಲ್ಲವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಒಬ್ಬರಿಗೆ ಸೌತೆಯ ಬೀಜ ಕಟ್ಟಿಕೊಡುತ್ತಾ, "ಗಿಡ ಕೀಳಬೇಡಿ ಅಂತ ಹೇಳಿ ಅವರಿಗೆ," ಅಂದ. "ದೂರದಿಂದ ಗಾಳಿಗೆ ಬಂದದ್ದಾದ್ರೆ ಸಾಯುದಿಲ್ಲ. ಹೊಸ ಎಲೆ ಎರಡು ಮೂರು ಸೊಟ್ಟ ಬರ್ತದೆ, ಮತ್ತೆ ಸರಿ ಆಗ್ತದೆ. ಒಂದು ತಿಂಗಳು ತಾಳ್ಮೆ ಬೇಕು. ಈಗ ಇರುವ ಕಾಯಿ ತಿನ್ನುದು ಬೇಡ, ಅಷ್ಟೇ. ಬೀಜಕ್ಕೆ ಬಿಟ್ರೆ ಆಯ್ತು." ಅವಳು ಹೊರಡುವಾಗ ಅವನು ಮತ್ತೆ ಎದ್ದು ನಿಂತ. ಕೂತುಕೋ ಮಾರಾಯ, ಎದ್ದು ನಿಂತದ್ದು ಸಾಕು, ಅನ್ನಬೇಕೆನಿಸಿತು, ಅನ್ನಲಿಲ್ಲ.

ಸಾಯುವುದಿಲ್ಲ! ಆಟೋದಲ್ಲಿ ಕೂತಾಗ ಅವಳಿಗೆ ಹಾಡಬೇಕೆನಿಸಿತು. ಹನ್ನೊಂದೂ ಆಗಿಲ್ಲ. ಈಗ ಫೋನ್ ಮಾಡಿ, "ಮುಮ್ತಾಝ್, ಕೀಳಬೇಡಿ," ಅಂದರೆ ಮುಗಿಯಿತು. ಫೋನ್ ತೆಗೆದಳು. ಯಾಕೆ ಅಂತ ಕೇಳಿದರೆ? ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದಾನೆ, ಕದ್ರಿ ಸ್ಟ್ಯಾಂಡಿನವನೇ, ಟೀಚರ್ ಅಂತ ಗೊತ್ತು, ಸಂಜೆಯೊಳಗೆ ಸುದ್ದಿ ಡ್ಯಾಫ್ನಿಯ ಗೇಟಿಗೆ ಮುಟ್ಟುತ್ತದೆ. ಫೋನ್ ಒಳಗಿಟ್ಟಳು. ವೈರಸ್ ಅಲ್ಲ, ಮಣ್ಣಿನಲ್ಲಿ ಒಂದು ಪೋಷಕಾಂಶದ ಕೊರತೆ, ಪುಸ್ತಕ ನೋಡಿದೆ ಅಂತ ಹೇಳಿದರೆ? ಬೋರಾನ್ ಕೊರತೆ! ಒಂದು ಕ್ಷಣ ಆ ಉತ್ತರ ಎಷ್ಟು ಚಂದ ಕಂಡಿತೆಂದರೆ ಅವಳು ಅದಕ್ಕೆ ಲಕ್ಷಣಗಳನ್ನೂ ಜೋಡಿಸತೊಡಗಿದ್ದಳು. ಮತ್ತೆ ಕಾಯಿ ತಿನ್ನಬೇಡಿ ಅನ್ನುವುದು ಹೇಗೆ? ನಜ್ಲಾ ಹಸಿ ಬೆಂಡೆಯನ್ನೇ ಕಿತ್ತು ಕರುಮುರು ತಿನ್ನುವ ಹುಡುಗಿ. ಅವಳ ಬಾಯಿಗೆ ಹೋಗುವ ವಿಷಯದಲ್ಲಿ ಬೋರಾನ್ ನಡೆಯುವುದಿಲ್ಲ. ಮಲ್ಲಿಕಟ್ಟೆಯಲ್ಲಿ ಒಂದು ಬಸ್ಸು ಅಡ್ಡ ನಿಂತು ಎರಡೂ ಕಡೆಯ ದಾರಿ ಕಟ್ಟಿತು. ಕಡಲ ಕಡೆಯಿಂದ ಮೋಡ ಏರುತ್ತಿತ್ತು, ಗಾಳಿಯಲ್ಲಿ ಮಳೆಯ ವಾಸನೆ. ಆಗ ಅವಳಿಗೆ ಹೊಳೆಯಿತು: ಮಳೆ ಬಂದರೆ ಸುಡಲಿಕ್ಕೆ ಆಗುವುದಿಲ್ಲ ಅಂತ ಮುಮ್ತಾಝ್ ಮೊದಲೇ ಕಿತ್ತರೆ? ಆಟೋದವನೂ ಸಾಯಲಿ, ಡ್ಯಾಫ್ನಿಯೂ ಸಾಯಲಿ ಅಂತ ಫೋನ್ ಮಾಡಿದಳು. ರಿಂಗ್ ಆಯಿತು. ಆಗುತ್ತಲೇ ಇತ್ತು. ಮೂರು ಸಲ ಮಾಡಿದಳು.

ಮುಮ್ತಾಝ್‌ಳ ಹಿತ್ತಲಿನಲ್ಲಿ, ಬರ್ನಡೆಟ್ ಆಟೋ ಇಳಿದು ಓಡಿ ಬರುವಾಗ, ಇಪ್ಪತ್ತೆರಡು ಗಿಡಗಳು ಒಣಗಿದ ತೆಂಗಿನ ಮಡಲಿನ ಮೇಲೆ ರಾಶಿ ಬಿದ್ದಿದ್ದವು. ಬೇರಿನ ಮಣ್ಣು ಕೂಡ ಕೊಡವಿ, ಅಚ್ಚುಕಟ್ಟಾಗಿ, ತಲೆ ಒಂದೇ ಕಡೆ ಬರುವಂತೆ ಜೋಡಿಸಿದ್ದಳು. ಮುಮ್ತಾಝ್ ಬೆಂಕಿಪೆಟ್ಟಿಗೆ ಹಿಡಿದು ನಿಂತಿದ್ದಳು. ಮುಖದ ಮೇಲೆ ಬೆವರೋ ಕಣ್ಣೀರೋ.

"ಮಳೆ ಬರ್ತದೆ ಕಾಣ್ತದೆ ಟೀಚರ್, ಅದಕ್ಕೆ ಬೇಗ ಮುಗಿಸಿದೆ. ನೀವು ಹೇಳಿದ ಹಾಗೆ ಬೇರೂ ಬಿಡ್ಲಿಲ್ಲ."

ಬರ್ನಡೆಟ್ ಬಾಯಿ ತೆರೆದಳು. ಅಲ್ಲಿ ಬೋರಾನೂ ಇರಲಿಲ್ಲ, ವೈರಸ್ಸೂ ಇರಲಿಲ್ಲ. "ರೋಗ ಅಲ್ಲ ಮುಮ್ತಾಝ್," ಅಂದಳು. "ನಾನು ಅಂಗಳಕ್ಕೆ ಹೊಡೆದ ಮದ್ದು. ಗಾಳಿಗೆ ಬಂದು ತಾಗಿದ್ದು."

ಮುಮ್ತಾಝ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. "ಬಿಟ್ಟಿದ್ರೆ ಬದುಕ್ತಿತ್ತಾ?"

"ಬದುಕ್ತಿತ್ತು."

"ರೋಗ ಅಲ್ಲ ಅಂತ ನಿನ್ನೆ ನಿಮಗೆ ಗೊತ್ತಿತ್ತಾ?"

ಇಲ್ಲ ಅನ್ನಲು ಇನ್ನೂ ಜಾಗವಿತ್ತು. ಇವತ್ತು ಸಿದ್ದೀಕ್ ಹೇಳಿದ ಮೇಲೆ ತಿಳಿಯಿತು ಅಂದರೆ ಯಾರು ಕೇಳುತ್ತಾರೆ? "ಗೊತ್ತಿತ್ತು," ಅಂದಳು.

"ಮದ್ದು ಗಾಳಿಗೆ ಬಂತು, ಆಯ್ತು," ಅಂದಳು ಮುಮ್ತಾಝ್ ನಿಧಾನವಾಗಿ, "ಗಾಳಿಯನ್ನು ಯಾರಿಗೂ ಹಿಡಿಯಲಿಕ್ಕೆ ಆಗುದಿಲ್ಲ. ಆದ್ರೆ ಕೀಳಿ ಅಂತ ಹೇಳಿದ್ದು ಗಾಳಿ ಅಲ್ಲವಲ್ಲ ಟೀಚರ್. ಅದು ನೀವು." ದನಿ ಏರಲಿಲ್ಲ. ಎದ್ದು ಬೆಂಕಿಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದಳು, ಬಾಗಿಲು ಹಾಕಿದಳು. ಚಿಲಕದ ಸದ್ದು ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಹಗಲು ಹೊತ್ತು ಆ ಬಾಗಿಲಿನ ಚಿಲಕದ ಸದ್ದನ್ನು ಬರ್ನಡೆಟ್ ಕೇಳಿರಲಿಲ್ಲ. ನೊವೇನದ ಮಕ್ಕಳ ಕಿರುಚಾಟ, ವಿಲ್ಲಿಯ ಟೀವಿಯ ಅಬ್ಬರ, ಅವಳ ಸ್ವಂತ ಉಪದೇಶ ಎಲ್ಲವನ್ನೂ ಇಷ್ಟು ವರ್ಷ ತಡೆದುಕೊಂಡವಳು ಇವತ್ತು ಇಷ್ಟಕ್ಕೆ ಬಾಗಿಲು ಹಾಕಿದಳು, ಹಾಕಿದ್ದು ನ್ಯಾಯವೇ. ಹನಿ ಬೀಳತೊಡಗಿತು.

ಮನೆಗೆ ಬಂದು ಅಲ್ತಾರಿನ ಎದುರು ನಿಂತಳು. ವಿಲ್ಲಿ, "ಊಟಕ್ಕೆ ಎಂತ?" ಅಂದ. ಅವಳು ಡ್ರಾವರ್ ಎಳೆದು, ಎಡಮೂಲೆಗೆ ಕೈ ಹಾಕಿದಳು. ಹಳೇ ಜಪಸರಗಳ ಕೆಳಗೆ ಕಾಗದದ ಪೊಟ್ಟಣ, ಎರಡು ವರ್ಷದ ಹಿಂದೆ ಕಟ್ಟಿಕೊಟ್ಟ ಹಾಗೆಯೇ, ದಾರ ಕೂಡ ಬಿಚ್ಚದೆ. ಬಿತ್ತಿರಲಿಲ್ಲ. ಬಿತ್ತುತ್ತೇನೆ ನಾಳೆ ಬಿತ್ತುತ್ತೇನೆ ಅಂತ ಮಳೆಗಾಲವೇ ಕಳೆದಿತ್ತು. ಅಷ್ಟೇ ಆಗಿದ್ದರೆ ಸೋಮಾರಿತನ ಅನ್ನಬಹುದು. ಆದರೆ ಮುಮ್ತಾಝ್, "ಹೇಗೆ ಬಂತು ಟೀಚರ್ ನಮ್ಮ ಬೆಂಡೆ?" ಅಂತ ಕೇಳಿದಾಗ, "ಫಸ್ಟ್ ಕ್ಲಾಸ್!" ಅಂದುಬಿಟ್ಟು, ಮಾತು ಉಳಿಸಿಕೊಳ್ಳಲು ಕಂಕನಾಡಿ ಮಾರ್ಕೆಟಿನ ಬಿಳಿ ಬೆಂಡೆ ತಂದು, ಪಲ್ಯ ಮಾಡಿ, ನಿಮ್ಮದೇ ಬೀಜದ್ದು ಅಂತ ಬಟ್ಟಲು ತುಂಬ ಕಳಿಸಿದ್ದಳು. ಈ ಪೊಟ್ಟಣ ಕೊಟ್ಟರೆ ಬೀಜ ಉಳಿಯುತ್ತದೆ, ಟೀಚರ್ ಉಳಿಯುವುದಿಲ್ಲ. ಬಟ್ಟಲನ್ನು ತಿರುಗಿಸಿ ಕೊಡುವಾಗ ಮುಮ್ತಾಝ್ ಅದರಲ್ಲಿ ನಾಲ್ಕು ಖರ್ಜೂರ ಇಟ್ಟದ್ದು ನೆನಪಾಗಿ, ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಹೊರಟಳು.

ನಾಲ್ಕು ಸಲ ಬಾಗಿಲು ಬಡಿದ ಮೇಲೆ ಮುಮ್ತಾಝ್ ತೆರೆದಳು. ಪೊಟ್ಟಣ ನೋಡಿದಳು, ದಾರ ನೋಡಿದಳು. ತಾನೇ ಹಾಕಿದ ಗಂಟು. "ಇದು ಬಿತ್ತಿದ್ದೇನೆ ಅಂದಿದ್ರಲ್ಲ?"

"ಬಿತ್ತಿರ್ಲಿಲ್ಲ."

"ಮತ್ತೆ ಆ ಪಲ್ಯ?"

"ಮಾರ್ಕೆಟಿನದ್ದು."

ಮುಮ್ತಾಝ್‌ಳ ಬಾಯಿ ತೆರೆದೇ ಉಳಿಯಿತು. "ಯಾ ಅಲ್ಲಾ! ನಾರು ಇತ್ತು ಟೀಚರ್ ಅದರಲ್ಲಿ, ಜಗಿದು ಜಗಿದು ದವಡೆ ನೋವಾಗಿತ್ತು. ನಾನು ಸಲಾಂ ಹತ್ರ ಹೇಳಿದ್ದು ಎಂತ ಗೊತ್ತುಂಟಾ? ಪಾಪ, ಟೀಚರ ಮನೆಯ ಮಣ್ಣು ಸರಿ ಇಲ್ಲ, ನಮ್ಮ ಬೆಂಡೆಯೂ ಅಲ್ಲಿ ಹೀಗಾಗಿದೆ ಅಂತ! ಅವರು ನಿಮಗೆ ಒಂದು ಗೋಣಿ ಗೊಬ್ಬರ ಕಳಿಸಿದ್ದು ಅದಕ್ಕೇ ಅಲ್ವಾ?" ಗಂಡನ ಹೆಸರು ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ, ಬಾಗಿಲಿಗೆ ಒರಗಿ, ಸೆರಗು ಬಾಯಿಗೆ ಒತ್ತಿ ನಕ್ಕಳು. ನಗುನಗುತ್ತಲೇ ಅತ್ತಳು ಕೂಡ. ಬರ್ನಡೆಟ್ ನಗಲೂ ಇಲ್ಲ, ಅಳಲೂ ಇಲ್ಲ. ಆ ಗೊಬ್ಬರವನ್ನು ಕ್ರೋಟನ್ ಗಿಡಗಳಿಗೆ ಹಾಕಿದ್ದನ್ನು ಈಗ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಳು.

ಬೀಜವನ್ನು ಸ್ಟೀಲ್ ಬಟ್ಟಲಿನ ನೀರಿಗೆ ಹಾಕಿದರು. ಇಬ್ಬರೂ ಬಗ್ಗಿ ನೋಡಿದರು. ಕೆಲವು ತೇಲಿದವು, ಹದಿಮೂರು ಮುಳುಗಿದವು. "ಮುಳುಗಿದ್ದು ಹುಟ್ಟಬಹುದು," ಅಂದಳು ಮುಮ್ತಾಝ್. "ಬಿತ್ತುದು ನೀವು. ನಮ್ಮ ಮಣ್ಣಿನಲ್ಲಿ, ನನ್ನ ಕಣ್ಣೆದುರು. ಕಳೆ ತೆಗೆಯುದು ಕೂಡ ನೀವೇ, ಕಾಯಿ ಬಿಡುವ ವರೆಗೆ. ಕೈಯಲ್ಲಿ."

"ಆಯ್ತು," ಅಂದಳು ಬರ್ನಡೆಟ್.

"ನಿಮ್ಮ ಹಬ್ಬಕ್ಕೆ ಮಾರ್ಕೆಟಿನದ್ದು ತನ್ನಿ. ಹೇಗೂ ಅಭ್ಯಾಸ ಉಂಟಲ್ಲ."

ಮಳೆ ಬಂದ ಹಾಗೆಯೇ ಹೋಗಿತ್ತು. ಮೂಡಣದ ಮೂಲೆಯಲ್ಲಿ, ಮನೆಯ ಮರೆಗೆ, ಮುಮ್ತಾಝ್ ಒಂದು ಚೌಕ ತೋರಿಸಿ ತಾನು ಒಗೆಯುವ ಕಲ್ಲಿನ ಮೇಲೆ ಕೂತಳು. ಬರ್ನಡೆಟ್ ಸೀರೆ ಎತ್ತಿ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತಾಗ ಎರಡೂ ಮಂಡಿ ಲಟಲಟ ಅಂದವು. ಒದ್ದೆ ಮಣ್ಣಿಗೆ ಕೈ ಇಟ್ಟು ಎಷ್ಟು ವರ್ಷವಾಯಿತೋ. ಒಂದು ಕಳೆ ಕಿತ್ತಳು, ಮತ್ತೊಂದು ಕಿತ್ತಳು, ಕೆಲಸ ಸಲೀಸು ಅನ್ನಿಸಿ ಬೆರಳು ಬೇಗ ಬೇಗ ಓಡತೊಡಗಿತು.

"ಅಯ್ಯಯ್ಯೋ ಟೀಚರ್! ಅದು ಹರಿವೆ! ನಾನು ಚೆಲ್ಲಿದ್ದು!"

ಕೈಯಲ್ಲಿ ಎರಡು ಎಲೆಯ ಸಣ್ಣ ಸಸಿ, ಕೆಂಪು ದಂಟು, ಬೇರಿಗೆ ಅಂಟಿದ ಒಂದು ಚೂರು ಮಣ್ಣು. ಬರ್ನಡೆಟ್ ಅದನ್ನು ತಿರುಗಿಸಿ ನೋಡಿದಳು. ಈ ಸಲ ನಾಟಕಕ್ಕಲ್ಲ. ಪುಸ್ತಕದಲ್ಲಿ ಅದರ ಕುಟುಂಬದ ಹೆಸರು ಗೊತ್ತು, ಹೂವಿನ ರಚನೆ ಗೊತ್ತು. ಸಸಿ ಗೊತ್ತಿಲ್ಲ. "ಮುಮ್ತಾಝ್," ಅಂದಳು ತಲೆ ಎತ್ತದೆ, "ಯಾವುದು ಕಳೆ ಅಂತ ಹೇಗೆ ಗೊತ್ತಾಗುದು?"

ಮುಮ್ತಾಝ್ ನಗಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಲೂ ಇಲ್ಲ. "ಗೊತ್ತಿಲ್ಲದಿದ್ರೆ ಕೇಳುದು ಟೀಚರ್. ಕೈ ಹಾಕುವ ಮೊದ್ಲು. ನಾನು ಇಲ್ಲೇ ಇದ್ದೇನೆ."

ಬರ್ನಡೆಟ್ ಸಸಿಯನ್ನು ತೆಗೆದ ಜಾಗದಲ್ಲೇ ಇಟ್ಟು, ಸುತ್ತ ಮಣ್ಣು ಒತ್ತಿದಳು. ಅದರ ಪಕ್ಕದ ಎಲೆಯ ಮೇಲೆ ಬೆರಳಿಟ್ಟು ಕೇಳಿದಳು, "ಇದು?"

"ಅದು ಕಳೆ. ಕೀಳಿ."

"ಇದು?"

"ಅದು ಬಸಳೆ. ಬಿಡಿ."

"ಇದು?"